ಹೃದಯದ ಜಮಾ-ಖರ್ಚು

ಎದೆಯಲ್ಲಿ ಹೃದಯವು ಬಡಿಯುತ್ತದೆಂಬುದು ಮನುಷ್ಯನಿಗೆ ಎಂದಿನಿಂದಲೂ ತಿಳಿದ ಸಂಗತಿ. ಆದರೆ ಅದು ಬಡಿಯುವುದೇಕೆ, ಅದರಿಂದ ಹೊರಟ ರಕ್ತವು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಯುರೋಪಿನ ವೈದ್ಯರು ಸುಮಾರು 1400 ವರ್ಷಗಳ ಕಾಲ ತಪ್ಪು ಉತ್ತರವನ್ನೇ ಪಾಠ ಮಾಡಿಕೊಂಡು ಬಂದರು. ಆ ಉತ್ತರವು ಕ್ರಿ.ಶ. 2ನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್‌ನದು. ಉಂಡ ಆಹಾರವು ಯಕೃತ್ತಿನಲ್ಲಿ ರಕ್ತವಾಗುತ್ತದೆ. ಅಲ್ಲಿಂದ ಅಭಿಧಮನಿಗಳ ಮೂಲಕ ಅಂಗಾಂಗಗಳಿಗೆ ಹರಿದು, ಗದ್ದೆಗೆ ಹಾಯಿಸಿದ ನೀರಿನಂತೆ ಅಲ್ಲಲ್ಲಿಯೇ ಇಂಗಿ ಮುಗಿಯುತ್ತದೆ. ಸ್ವಲ್ಪ ಭಾಗ ಮಾತ್ರ ಹೃದಯದ ನಡುಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ಜಿನುಗಿ ಬಲದಿಂದ ಎಡಕ್ಕೆ ಸೇರುತ್ತದೆ ಎಂಬುದು ಅವನ ಮತ. ಆ ರಂಧ್ರಗಳನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಅವು ಇಲ್ಲವೇ ಇಲ್ಲವೆಂದೂ, ರಕ್ತವು ಶ್ವಾಸಕೋಶವನ್ನು ಹಾದೇ ಎಡಗಡೆಗೆ ಬರುತ್ತದೆಂದೂ ಕೈರೋ ನಗರದ ಇಬ್ನ್ ಅಲ್-ನಫೀಸ್ 13ನೆಯ ಶತಮಾನದಲ್ಲಿಯೇ ಬರೆದಿದ್ದನು. ಆದರೆ ಗುರುವಚನದ ಮುಂದೆ ಅಂತಹ ಮಾತುಗಳು ನಿಲ್ಲಲಿಲ್ಲ.

ಈ ಮತವನ್ನು ಕೆಡವಿದ ವಿಲಿಯಂ ಹಾರ್ವೆಯು 1578ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ ವರ್ತಕನ ಮಗನಾಗಿ ಜನಿಸಿದನು. ಅವನ ಸೋದರರಲ್ಲಿ ಹಲವರು ಲಂಡನ್ನಿನಲ್ಲಿ ವ್ಯಾಪಾರ ಮಾಡಿದವರು. ಎಲಿಯಾಬ್ ಎಂಬ ತಮ್ಮನು ಅಣ್ಣನ ಹಣಕಾಸನ್ನೂ ನೋಡಿಕೊಳ್ಳುತ್ತಿದ್ದನು. ವರ್ತಕರ ಮನೆಯಲ್ಲಿ ಹುಟ್ಟಿದ್ದರಿಂದಲೇ ಹಾರ್ವೆಗೆ ಈ ಶೋಧವು ಸಾಧ್ಯವಾಯಿತೆಂದರೆ ಅತಿಶಯೋಕ್ತಿಯಾದೀತು. ಆದರೂ ಶಿಲ್ಕು ತಾಳೆಯಾಗದ ಖಾತೆಯನ್ನು ಕಂಡಾಗ ಅನುಭವಿಯಾದ ವರ್ತಕನು ಕೇಳುವ ಪ್ರಶ್ನೆಯನ್ನೇ ಅವನು ಕೇಳಿದನೆಂಬುದು ಗಮನಾರ್ಹ. ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ಅವನ ಗುರುವಾಗಿದ್ದ ಫ್ಯಾಬ್ರಿಷಿಯಸ್‌ನು ಅಭಿಧಮನಿಗಳ ಒಳಗೆ ಕವಾಟಗಳಿರುವುದನ್ನು ತೋರಿಸಿಕೊಟ್ಟಿದ್ದನು. ರಕ್ತವೆಲ್ಲ ಕೈಕಾಲುಗಳಿಗೆ ಒಮ್ಮೆಲೇ ನುಗ್ಗದಂತೆ ತಡೆಯಲು ಅವು ಇವೆಯೆಂದು ಗುರುವು ಭಾವಿಸಿದನು. ಅವೆಲ್ಲವೂ ಹೃದಯದ ಕಡೆಗೆ ಮಾತ್ರ ತೆರೆಯುತ್ತವೆಂಬುದನ್ನು ಶಿಷ್ಯನು ಮನಗಂಡನು.

1628ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಅಚ್ಚಾದ ಅವನ ಲ್ಯಾಟಿನ್ ಗ್ರಂಥವು 72 ಪುಟಗಳ ಸಣ್ಣ ಪುಸ್ತಕ. ಅದರ ಜೀವಾಳವೆಲ್ಲ ಒಂದು ಲೆಕ್ಕದಲ್ಲಿದೆ. ಹೃದಯದ ಎಡ ಕೋಣೆಯಲ್ಲಿ ಎರಡು ಔನ್ಸಿನಷ್ಟು ರಕ್ತ ಹಿಡಿಯುತ್ತದೆ. ಒಂದು ಬಡಿತಕ್ಕೆ ಅರ್ಧ ಔನ್ಸು ಮಾತ್ರ ಹೊರಬೀಳುವುದೆಂದು ಹಿಡಿಯೋಣ. ಅರ್ಧ ಗಂಟೆಗೆ ಬಡಿತಗಳು ಸಾವಿರಕ್ಕೆ ಕಡಿಮೆಯಿಲ್ಲ. ಅಂದರೆ ಅರ್ಧ ಗಂಟೆಯಲ್ಲಿ ಹೊರಟ ರಕ್ತವು 500 ಔನ್ಸು, ಇಂದಿನ ತೂಕದಲ್ಲಿ ಸುಮಾರು 15 ಕಿಲೋಗ್ರಾಂ. ಇಡೀ ಶರೀರದಲ್ಲಿ ಇರುವ ದಾಸ್ತಾನು ಅದರ ಮೂರನೆಯ ಒಂದು ಭಾಗದಷ್ಟು! ಉಂಡದ್ದು, ಕುಡಿದದ್ದು ಎಲ್ಲವೂ ರಕ್ತವೇ ಆದರೂ ಇಷ್ಟು ಜಮೆ ಎಲ್ಲಿಂದ ಬಂದೀತು? ಖರ್ಚಾದದ್ದು ಶರೀರದಲ್ಲಿಯೇ ಇಂಗಿದರೆ ಅಂಗಗಳು ಬಿರಿದು ಹೋಗಬೇಡವೇ? ಹೊರಟ ರಕ್ತವೇ ಸುತ್ತಿ ಮರಳಿ ಹೃದಯಕ್ಕೆ ಬರುತ್ತದೆಂದರೆ ಮಾತ್ರ ಈ ಖಾತೆಯು ತಾಳೆಯಾಗುತ್ತದೆ. ಇಂದಿನ ಅಳತೆಯ ಪ್ರಕಾರ ಪ್ರತಿ ಬಡಿತಕ್ಕೆ ಹೊರಡುವುದು ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 5 ಲೀಟರ್; ಹಾರ್ವೆಯ ಅಂಕಿಯು ಇದರ ಹತ್ತನೆಯ ಒಂದು ಭಾಗದಷ್ಟೇ. ಸಂಶಯವಿದ್ದಲ್ಲಿ ತನ್ನ ವಾದಕ್ಕೆ ಪ್ರತಿಕೂಲವಾಗುವ ಅಂಕಿಯನ್ನೇ ಹಿಡಿಯುವುದು ಪ್ರಾಮಾಣಿಕ ಲೆಕ್ಕಿಗನ ಲಕ್ಷಣ. ಅವನು ಇನ್ನೂ ಚಿಕ್ಕ ಅಂಕಿಗಳನ್ನಿಟ್ಟುಕೊಂಡೂ ಲೆಕ್ಕ ಹಾಕಿ ತೋರಿಸಿದನು.

ಲೆಕ್ಕಕ್ಕೆ ಸಾಕ್ಷಿಯಾಗಿ ಅವನು ಕೊಟ್ಟ ಪ್ರಯೋಗವು ಇನ್ನೂ ಸರಳವಾದದ್ದು. ತೋಳಿಗೆ ಬಟ್ಟೆಯ ಪಟ್ಟಿಯನ್ನು ಬಹಳ ಬಿಗಿಯಾಗಿ ಕಟ್ಟಿದರೆ ಮಣಿಕಟ್ಟಿನ ನಾಡಿಯು ನಿಂತು ಕೈ ತಣ್ಣಗಾಗುತ್ತದೆ. ಕಟ್ಟಿನ ಮೇಲ್ಭಾಗದಲ್ಲಿ ಅಪಧಮನಿಯು ಉಬ್ಬುತ್ತದೆ. ಕಟ್ಟನ್ನು ಸ್ವಲ್ಪ ಸಡಿಲಿಸಿದರೆ ಕೈ ಕೆಂಪೇರಿ, ಕಟ್ಟಿನ ಕೆಳಗಿನ ಅಭಿಧಮನಿಗಳು ಗಂಟುಗಂಟಾಗಿ ಎದ್ದು ಕಾಣುತ್ತವೆ. ಆಳದಲ್ಲಿರುವ ಅಪಧಮನಿಯಿಂದ ರಕ್ತವು ಕೈಗೆ ಇಳಿದಿದೆ. ಮೇಲಿನ ಅಭಿಧಮನಿಯ ದಾರಿಯಲ್ಲಿ ಮರಳಲಾರದೆ ನಿಂತಿದೆ. ಆ ಗಂಟುಗಳೇ ಕವಾಟಗಳು. ಗಂಟಿನ ಕೆಳಗೆ ಒಂದು ಬೆರಳನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಗಂಟಿನಾಚೆಗೆ ಮೇಲ್ಮುಖವಾಗಿ ಸವರಿದರೆ ನಡುವಿನ ನಾಳವು ಬರಿದಾಗಿಯೇ ಉಳಿಯುತ್ತದೆ. ಮೇಲಿನಿಂದ ರಕ್ತವು ಇಳಿಯುವುದಿಲ್ಲ. ಕೆಳಗಿನ ಬೆರಳನ್ನು ತೆಗೆದೊಡನೆ ಕೆಳಗಿನಿಂದಲೇ ತುಂಬುತ್ತದೆ. ಇದರಲ್ಲಿ ಯಾವ ಜೀವಿಗೂ ಹಿಂಸೆಯಿಲ್ಲ.

ಕಥೆಯು ಇಷ್ಟೇ ಆಗಿದ್ದರೆ ಓದುಗರ ಮನಸ್ಸಿಗೆ ಹಿತವಾಗಿರುತ್ತಿತ್ತು. ಆದರೆ ಅದೇ ಪುಸ್ತಕದ ಮೊದಲ ಅಧ್ಯಾಯಗಳು ಜೀವಂತ ಪ್ರಾಣಿಗಳ ಎದೆಯನ್ನು ಸೀಳಿ ಕಂಡ ವಿವರಗಳಾಗಿವೆ. ನಾಯಿಯ ಹೃದಯವು ಅತಿವೇಗವಾಗಿ ಬಡಿಯುವುದರಿಂದ ಅದು ಹಿಗ್ಗುವುದಾವಾಗ, ಕುಗ್ಗುವುದಾವಾಗ ಎಂದು ತಿಳಿಯದೆ, ಹೃದಯದ ಚಲನೆಯನ್ನು ದೇವರೊಬ್ಬನೇ ಬಲ್ಲನೆಂದು ಅವನು ಹತಾಶನಾಗಿದ್ದುಂಟು. ಆಗ ನಿಧಾನವಾಗಿ ಬಡಿಯುವ ಹೃದಯಗಳನ್ನು ಹುಡುಕಿ ಕಪ್ಪೆ, ಹಾವು, ಸಣ್ಣ ಮೀನುಗಳ ಕಡೆಗೆ ತಿರುಗಿದನು. ಸಾಯುತ್ತಿರುವ ಪ್ರಾಣಿಯ ಹೃದಯವು ಕ್ರಮೇಣ ಮಂದವಾಗುವುದನ್ನು ಕಾದು ನೋಡಿದನು. ಹೃದಯವು ಕುಗ್ಗಿದಾಗಲೇ ರಕ್ತವನ್ನು ಹೊರದೂಡುತ್ತದೆಂಬುದು ನಿಶ್ಚಯವಾದದ್ದು ಹೀಗೆ. ನೋವನ್ನು ಮರೆಸುವ ಈಥರ್ ಪ್ರಯೋಗಕ್ಕೆ ಬಂದುದು 1846ರಲ್ಲಿ; ಹಾರ್ವೆಯ ಮೇಜಿನ ಮೇಲೆ ಅಂತಹ ಕರುಣೆಗೆ ಆಸ್ಪದವೇ ಇರಲಿಲ್ಲ.

ಪಟ್ಟಿಯ ಪ್ರಯೋಗ ಹಾಗೂ ಲೆಕ್ಕ ಇವೆರಡರಿಂದಲೇ ಸತ್ಯವು ಸಿದ್ಧವಾಗುತ್ತಿತ್ತು, ಪ್ರಾಣಿಗಳ ವಧೆಯು ವ್ಯರ್ಥವಾಗಿತ್ತು ಎಂದು ಅಹಿಂಸಾಪರರು ವಾದಿಸಬಹುದು. ಈ ವಾದವು ನ್ಯಾಯವಾದುದಲ್ಲ. ಒಂದು ಬಡಿತಕ್ಕೆ ಇಷ್ಟು ರಕ್ತವೆಂದು ಎಣಿಸುವ ಮೊದಲು, ಬಡಿತವೆಂದರೇನೆಂಬುದನ್ನು ಅವನು ಆ ಮೂಕಜೀವಿಗಳಿಂದಲೇ ಕಲಿತನು. ಇಂದು ನಾಡಿ ಹಿಡಿಸಿಕೊಳ್ಳುವ, ರಕ್ತದೊತ್ತಡವನ್ನು ಅಳೆಯಿಸಿಕೊಳ್ಳುವ ಪ್ರತಿಯೊಬ್ಬನೂ ಆ ವಿದ್ಯೆಯ ಫಲಾನುಭವಿ. ಫಲವನ್ನು ಜಮೆಗೆ ಹಿಡಿದು ಹಿಂಸೆಯನ್ನು ಕಿರ್ದಿಯಿಂದ ಬಿಟ್ಟುಬಿಡುವುದು ಕಳ್ಳಲೆಕ್ಕವಾಗುತ್ತದೆ. ಹಾಗೆಯೇ, ಒಮ್ಮೆ ಬೆಲೆ ತೆತ್ತು ಕೊಂಡ ವಸ್ತುವಿಗೆ ವರ್ಷವರ್ಷವೂ ಅದೇ ಬೆಲೆಯನ್ನು ತೆರುವುದಕ್ಕೂ ಸಮರ್ಥನೆಯಿಲ್ಲ.

ಪುಸ್ತಕವು ಹೊರಬಂದ ಮೇಲೆ ಹಾರ್ವೆಯ ಬಳಿ ಬರುವ ರೋಗಿಗಳು ಕಡಿಮೆಯಾದರೆಂದು ಅವನ ಪರಿಚಿತ ಜಾನ್ ಆಬ್ರಿ ಬರೆದಿದ್ದಾನೆ. ಪ್ಯಾರಿಸ್ಸಿನ ರಿಯೋಲಾನನ ಆಕ್ಷೇಪಗಳಿಗೆ ಅವನು 1649ರಲ್ಲಿ ಉತ್ತರ ಕೊಟ್ಟನು. ಅಪಧಮನಿಯ ತುದಿಯಿಂದ ಅಭಿಧಮನಿಯ ಮೊದಲಿಗೆ ರಕ್ತವು ದಾಟುವುದು ಹೇಗೆಂಬುದನ್ನು ಮಾತ್ರ ಕಾಣದೆಯೇ 1657ರಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ತರುವಾಯ, 1661ರಲ್ಲಿ, ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿಯು ಸೂಕ್ಷ್ಮದರ್ಶಕದಲ್ಲಿ ಆ ಲೋಮನಾಳಗಳನ್ನು ಕಂಡನು. ಅವನು ಕಂಡದ್ದು ಕಪ್ಪೆಯ ಶ್ವಾಸಕೋಶದಲ್ಲಿ. ಇದಕ್ಕಾಗಿ ಕಪ್ಪೆಗಳ ಕುಲವನ್ನೇ ಬಹುತೇಕ ಬಲಿಕೊಟ್ಟೆನೆಂದು ಅವನೇ ಬರೆದುಕೊಂಡಿದ್ದಾನೆ.

ಆ ಕಪ್ಪೆಗೆ ಬಿಡುಗಡೆಯಾಗಲು ಬಹುಕಾಲ ಹಿಡಿಯಿತು. ಎಂದೋ ತಿಳಿದ ಸಂಗತಿಯನ್ನು ಮತ್ತೆ ತೋರಿಸಲೆಂದು ಭಾರತದ ಕಾಲೇಜುಗಳಲ್ಲಿಯೂ ಅದನ್ನು ಕೊಯ್ಯುತ್ತಿದ್ದರು. ಅದಕ್ಕೆ ಅಂಜಿ ಜೀವಶಾಸ್ತ್ರವನ್ನು ಬಿಟ್ಟು ವಾಣಿಜ್ಯಕ್ಕೆ ಸೇರಿದ ಜೈನ ವಿದ್ಯಾರ್ಥಿಗಳು ವಿರಳರಲ್ಲ. ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳ ಛೇದನವನ್ನು ಹಂತಹಂತವಾಗಿ ಕೈಬಿಡಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2011ರಲ್ಲಿ ಸೂಚಿಸಿತು. 2014ರಲ್ಲಿ ಅದನ್ನು ನಿಷೇಧಿಸಿತು.