ಅಂಗಡಿ ಕೆಲಸದವರ ಮನಸ್ಸಿಗೂ ಪೆಟ್ಟು: ಯಾಕೆ ಹೀಗಾಗುತ್ತೆ, ಕಾನೂನು ಏನನ್ನುತ್ತೆ, ಎಲ್ಲಿ ತೋರಿಸಬೇಕು?

ದೀಪಾವಳಿ ಹತ್ತಿರ ಬಂತೆಂದರೆ ಬಟ್ಟೆ ಅಂಗಡಿ ಕೆಲಸ ಬೆಳಗ್ಗೆ 9ಕ್ಕೆ ಶುರುವಾಗಿ ರಾತ್ರಿ 10 ದಾಟುತ್ತೆ. ಗಿರಾಕಿ ಮುಂದೆ ಐವತ್ತು ಸೀರೆ ಬಿಚ್ಚಿ ಹಾಸಬೇಕು. ಅವರು ಒಂದೂ ತಗೊಳ್ಳದೆ ಎದ್ದು ಹೋದರೂ ನಗುನಗುತ್ತಾ ಮಡಚಿ ಇಡಬೇಕು. ಸ್ಟಾಕ್ ಲೆಕ್ಕದಲ್ಲಿ ಶಾರ್ಟೇಜ್ ಬಂದರೆ ಎಲ್ಲರ ಎದುರಿಗೇ ಬೈಗುಳ. ಇಂಥದ್ರಲ್ಲಿ ಒಬ್ಬ ಹುಡುಗ ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ ಅಂದ್ರೆ ‘ಅವನಿಗೆ ಸೋಮಾರಿತನ’ ಅಂತ ಮಾತು ಮುಗಿಸಿಬಿಡ್ತಾರೆ. ರಾತ್ರಿ ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ ಅಂತ ಕೇಳೋರು ಕಡಿಮೆ.

ಏಣಿ ಜಾರೋದು, ಕರೆಂಟ್ ಹೊಡೆಯೋದು ಕಣ್ಣಿಗೆ ಕಾಣುವ ಅಪಾಯ. ಕೆಲಸ ಹಂಚುವ ರೀತಿ, ವಿಪರೀತ ಹೊತ್ತು, ಅವಮಾನ, ಸರಿಯಾಗಿ ಕೈಗೆ ಬಾರದ ಸಂಬಳ, ‘ನಾಳೆಯಿಂದ ಬರಬೇಡ’ ಅನ್ನುವ ಭಯ, ಇವುಗಳಿಂದ ಮನಸ್ಸು ಕುಗ್ಗುವುದು ಇನ್ನೊಂದು ಬಗೆಯ ಅಪಾಯ. ತಜ್ಞರು ಇದನ್ನು ‘ಮನೋಸಾಮಾಜಿಕ ಅಪಾಯ’ ಎನ್ನುತ್ತಾರೆ. ಇದನ್ನು ತಡೆಯುವ ಬಗ್ಗೆ 2021ರಲ್ಲಿ ಐಎಸ್ಒ 45003 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಬಂದಿದೆ.

‘ನಾವೂ ದಿನಕ್ಕೆ 14 ಗಂಟೆ ದುಡಿತೀವಿ, ನಮಗೇನೂ ಆಗಿಲ್ಲವಲ್ಲ’ ಅನ್ನೋದು ಮಾಲೀಕರ ಮಾತು. ಇದಕ್ಕೆ ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಒಂದು ಉತ್ತರ ಕೊಟ್ಟಿದ್ದಾರೆ. ಕೆಲಸದ ಹೊರೆ ಹೆಚ್ಚಿದ್ದು, ಆ ಕೆಲಸದ ಮೇಲೆ ತನ್ನ ಹಿಡಿತ ಏನೂ ಇಲ್ಲದಿದ್ದಾಗಲೇ ಮನುಷ್ಯನಿಗೆ ಒತ್ತಡ ಅತಿ ಹೆಚ್ಚು ತಟ್ಟುವುದು ಎಂದರು ಅವರು. ಮಗಳಿಗೆ ಜ್ವರ ಬಂದರೆ ಮಾಲೀಕ ಶಟರ್ ಎಳೆದು ಮನೆಗೆ ಹೋಗಬಹುದು. ಕೌಂಟರ್ ಹಿಂದಿನ ಹೆಂಗಸು ಹೋಗೋಕಾಗಲ್ಲ. ದುಡಿಮೆ ಇಬ್ಬರದೂ ಒಂದೇ, ಹಿಡಿತ ಒಬ್ಬರದು ಮಾತ್ರ. ಹಾಗಂತ ಮಾಲೀಕರಿಗೆ ಚಿಂತೆ ಇಲ್ಲ ಎಂದಲ್ಲ. ಸಾಲದ ಕಂತು, ಆನ್‌ಲೈನ್ ಪೈಪೋಟಿ ಅವರ ನಿದ್ದೆಯನ್ನೂ ಕೆಡಿಸಿವೆ. ಆ ಸಿಟ್ಟು ಬಹಳ ಸಲ ಕೆಲಸದ ಹುಡುಗರ ಮೇಲೆ ಇಳಿಯುತ್ತೆ.

ದುಡಿಮೆ ವಿಪರೀತವಾದರೆ ದೇಹವೂ ಬಿಡಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯು ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿವೆ. ಹಬ್ಬದ ಸೀಸನ್ ಲೆಕ್ಕ ಹಾಕಿ. ಊಟದ ಹೊತ್ತು ಕಳೆದು ದಿನಕ್ಕೆ 12 ಗಂಟೆ ಅಂದರೂ ಆರು ದಿನಕ್ಕೆ 72 ಗಂಟೆ.

ಕಾನೂನಲ್ಲಿ ಏನಿದೆ?

1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ನಡುವೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಎಂದಿತು. 2025ರಲ್ಲಿ ದಿನದ ಮಿತಿಯನ್ನು 10 ಗಂಟೆಗೆ ಏರಿಸುವ ಪ್ರಸ್ತಾವ ಬಂದಾಗ ಕಾರ್ಮಿಕ ಸಂಘಟನೆಗಳು ಬೀದಿಗಿಳಿದವು. ನಮ್ಮ ಪೇಟೆಗಳಲ್ಲಿ ಈ ಮಿತಿ ಹೇಗೆ ಪಾಲನೆಯಾಗುತ್ತಿದೆ ಅನ್ನೋದು ಓದುಗರಿಗೆ ಗೊತ್ತೇ ಇದೆ. ದೂರು ಕೊಡಬೇಕಾದ್ದು ಕಾರ್ಮಿಕ ನಿರೀಕ್ಷಕರಿಗೆ.

ದಿನವಿಡೀ ನಿಂತೇ ಇರಬೇಕಾದ ಕಷ್ಟವೂ ಸಣ್ಣದಲ್ಲ. ಪಕ್ಕದ ಕೇರಳದಲ್ಲಿ ಕಲ್ಲಿಕೋಟೆಯ ಮಿಠಾಯಿ ಬೀದಿಯ ಅಂಗಡಿ ಕೆಲಸದ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಕೂರುವ ಹಕ್ಕು ಕಾನೂನಾಯಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಒಂದು ಸ್ಟೂಲ್ ಹಾಕೋಕೆ ಇಷ್ಟೆಲ್ಲ ಬೇಕಾಯ್ತು ನೋಡಿ.

ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಇದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಅಂಗಡಿಯವರು ಅಥವಾ ಮಾಲೀಕನ ಮೇಲೇ ದೂರಿರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು.

ಸುಸ್ತೋ, ಕಾಯಿಲೆಯೋ?

ಕೆಲಸದಿಂದ ಪೂರ್ತಿ ಬಳಲಿ, ಅದರ ಮೇಲೆ ಜಿಗುಪ್ಸೆ ಬಂದು, ಕೈಯೇ ಓಡದಂತಾಗುವುದನ್ನು ‘ಬರ್ನ್‌ಔಟ್’ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎಂದು ಎಣಿಸಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದಿದೆ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಹಸಿವು ಕೆಡುವುದು ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಔಷಧಿ, ಆಪ್ತಸಮಾಲೋಚನೆ ಎರಡೂ ಇವೆ. ಮದ್ಯ ಮಾತ್ರ ಔಷಧಿ ಅಲ್ಲ.

ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಊರ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಫೋನ್‌ನಲ್ಲಿ ಮಾತಾಡೋದಾದರೆ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜೊತೆಗಾರರು ಯಾರಾದರೂ ‘ಬದುಕೇ ಬೇಡ’ ಅಂದರೆ ತಮಾಷೆ ಅಂದುಕೊಳ್ಳಬೇಡಿ. ಒಂಟಿಯಾಗಿ ಬಿಡದೆ ಇದೇ ನಂಬರಿಗೆ ಕರೆ ಮಾಡಿ, ಇಲ್ಲವೇ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಒಪಿಡಿ ಚೀಟಿ ಕೊಡುವ ಕೌಂಟರ್‌ನಲ್ಲಿ ಮೊದಲೇ ವಿಚಾರಿಸಿ, ಆ ದಿನ ರಜೆ ಕೇಳಿಟ್ಟುಕೊಳ್ಳಿ.