ಫಲಕಕ್ಕೊಂದು ಉಂಬಳಿ

ಊರು ಮೆಟ್ರಿಗೆ ಹೋದಾಗಲೆಲ್ಲ ಹಂಪಿಗೊಂದು ಸುತ್ತು ಹೋಗಿಬರುವುದು ನನ್ನ ರೂಢಿ. ಈ ಸಲ ಅಕ್ಕನ ಮಗಳು ಜೊತೆಗಿದ್ದಳು. ದಾರಿಬದಿಯ ಮಾಹಿತಿ ಫಲಕದ ಮುಂದೆ ನಿಂತು, "ಮಾಮ, ಇದರಾಗ ಏನೂ ಕಾಣಂಗಿಲ್ಲಲ್ಲ" ಅಂದಳು. ಬಿಸಿಲಿಗೆ ಅಕ್ಷರವೆಲ್ಲ ಮಾಸಿಹೋಗಿತ್ತು.

ವಿರೂಪಾಕ್ಷ ಗುಡಿಯೊಳಗೆ ಮಹಾಮಂಟಪದ ಎದುರು ಕೃಷ್ಣದೇವರಾಯನ ಕಲ್ಲುಶಾಸನವಿದೆ. 1510ರದು. ಪಟ್ಟಾಭಿಷೇಕದ ಹೊತ್ತಿಗೆ ಮಂಟಪ ಕಟ್ಟಿಸಿದೆ ಅಂತ ಹೇಳಿ ಅದು ಸುಮ್ಮನಾಗುವುದಿಲ್ಲ. ದೇವರ ನೈವೇದ್ಯಕ್ಕೆ ಸಿಂಗನಾಯಕನಹಳ್ಳಿ ಎಂಬ ಊರನ್ನೇ ಬಿಟ್ಟುಕೊಟ್ಟದ್ದನ್ನೂ ಹೇಳುತ್ತದೆ. ಕಟ್ಟೋದು ಒಂದು ಲೆಕ್ಕ, ನಡೆಸಿಕೊಂಡು ಹೋಗೋದು ಇನ್ನೊಂದು ಲೆಕ್ಕ. ಎರಡನೆಯದಕ್ಕೆ ವರ್ಷವರ್ಷವೂ ಬರುವ ಆದಾಯ ಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ದಾನಶಾಸನಗಳ ಕೊನೆಯಲ್ಲಿ ಮತ್ತೆಮತ್ತೆ ಬರುವ ಶ್ಲೋಕವೊಂದಿದೆ. ಕೊಟ್ಟವನಿಗೆ ಸ್ವರ್ಗ, ಕೊಟ್ಟದ್ದನ್ನು ಕಾಪಾಡಿದವನಿಗೆ ಅದಕ್ಕಿಂತ ದೊಡ್ಡ ಪದವಿ ಎಂಬುದು ಅದರ ತಾತ್ಪರ್ಯ. ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಫಲಕ ನೆಟ್ಟರೆ ಪೇಪರಿನಲ್ಲಿ ಫೋಟೊ ಬರುತ್ತೆ, ಮಾಸಿದ್ದನ್ನು ಮತ್ತೆ ಬರೆಸಿದರೆ ಬರಲ್ಲ.

2013ರ ಕಂಪನಿ ಕಾಯ್ದೆಯ ಸಿಎಸ್‌ಆರ್ ಪಟ್ಟಿಯಲ್ಲಿ ಪರಂಪರೆಯ ರಕ್ಷಣೆಯೂ ಸೇರಿದೆ. ನಿಮ್ಮ ಆಫೀಸಿನಲ್ಲಿ ಆ ಮಾತು ಎದ್ದಾಗ, ಹತ್ತು ಹೊಸ ಫಲಕ ಬೇಡ, ಐದೇ ಸಾಕು, ಮುಂದಿನ ವರ್ಷವೂ ಅವೇ ಐದನ್ನು ನೋಡಿಕೊಳ್ಳೋಣ ಅಂತ ಹೇಳಿ ನೋಡಿ. ಅಕ್ಕನ ಮಗಳು ಇನ್ನೊಮ್ಮೆ ಬಂದಾಗ ಓದಲಿಕ್ಕೆ ಏನಾದರೂ ಉಳಿದಿರಲಿ.