ನಮ್ಮ ದಾರಿಗಳನ್ನು ಕಾಯುವವರು ಯಾರು?

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದ ಈ ಶುಭಸಂದರ್ಭದಲ್ಲಿ ಗುರುಗಳು, ಕಟ್ಟಡ, ಫಲಿತಾಂಶಗಳ ಬಗ್ಗೆ ಬರೆಯುವವರು ಹಲವರಿದ್ದಾರೆ. ಹಳೆಯ ವಿದ್ಯಾರ್ಥಿಯಾದ ನಾನು ಮಕ್ಕಳನ್ನು ಇಲ್ಲಿಗೆ ಕರೆತಂದ ದಾರಿಗಳ ಇತಿಹಾಸವನ್ನು ನೆನೆಯುತ್ತೇನೆ. ಭದ್ರಾವತಿ ಸುತ್ತಲಿನ ಹಳ್ಳಿಗಳಿಂದ ನಾವು ಬಂದದ್ದು ಗದ್ದೆಬದು, ಬಂಡಿದಾರಿ, ಭದ್ರಾ ನಾಲೆಯ ಏರಿಗಳ ಮೇಲೆ ನಡೆದೇ.

ಈ ದಾರಿಗಳಿಗೆ ದಾಖಲೆ ಇದೆ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯ ಭೂಮಾಪನ ಆರಂಭವಾಯಿತು. ಗ್ರಾಮನಕಾಶೆಗಳಲ್ಲಿ ಸರ್ವೆ ನಂಬರು, ಕೆರೆ, ಹಳ್ಳಗಳ ಜೊತೆಗೆ ಬಂಡಿದಾರಿ, ಕಾಲುದಾರಿಗಳನ್ನೂ ಗುರುತಿಸಲಾಯಿತು. ಜನ ಇಂದಿಗೂ ‘ನಕಾಶೆ ದಾರಿ’ ಎನ್ನುವುದು ಇವನ್ನೇ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ಸಾರ್ವಜನಿಕ ರಸ್ತೆ, ಓಣಿ, ದಾರಿ, ಸೇತುವೆಗಳು ಸರ್ಕಾರದ ಸ್ವತ್ತು.

ದಾಖಲೆ ಇದ್ದರೂ ನೋಡಿಕೊಳ್ಳುವವರು ಬೇಕು. ಹಿಂದೆ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿಗಳು ಊರಿನ ಮೇಲೆ ಕಣ್ಣಿಟ್ಟಿರುತ್ತಿದ್ದರು. ಆ ಕಾವಲು ಎಲ್ಲರಿಗೂ ಸಮನಾಗಿರಲಿಲ್ಲ. ಊರ ಬಾವಿ, ಊರ ಬೀದಿ ಎಂದರೂ ದಲಿತರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಲ್ಲಿ ಭೇದ ಕೂಡದೆಂದಿತು. ವಂಶಪಾರಂಪರ್ಯ ಗ್ರಾಮಾಧಿಕಾರಗಳು 1961ರ ಕಾಯ್ದೆಯಿಂದ ರದ್ದಾದವು. ಅದು ನ್ಯಾಯವೇ. ಆದರೆ ಬಂದವರು ಹಲವು ಹಳ್ಳಿಗಳ ಹೊಣೆ ಹೊತ್ತ ಗ್ರಾಮಲೆಕ್ಕಿಗರು. ದಿನವೂ ಆ ದಾರಿಯಲ್ಲಿ ಓಡಾಡುವ ಕಣ್ಣು ಇಲ್ಲದಾಯಿತು.

ಊರೇ ಊರನ್ನು ನೋಡಿಕೊಳ್ಳುವ ವಿಚಾರ ನಮ್ಮಲ್ಲಿ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಗ್ರಾಮ ಸುಧಾರಣೆಗೆಂದು ಊರವರ ಸಮಿತಿಗಳನ್ನು ಮಾಡಿಸಿದ್ದರು. ಅವರೇ ಕಟ್ಟಿ ಬೆಳೆಸಿದ, 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಬೆಂಕಿಪುರವೆಂಬ ಹಳ್ಳಿಯನ್ನು ಭದ್ರಾವತಿ ಪಟ್ಟಣವಾಗಿಸಿತು. ನ್ಯೂಟೌನಿಗೆ ರಸ್ತೆ, ದೀಪ, ನೀರು, ಆಸ್ಪತ್ರೆಗಳನ್ನು ಕಾರ್ಖಾನೆಯೇ ಕೊಟ್ಟಿತು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅನ್ನದ ಚಿಂತೆಯ ಜೊತೆಗೆ ಈ ಸೌಲಭ್ಯಗಳಿಗೆ ಇನ್ನು ಯಾರು ದಿಕ್ಕು ಎಂಬ ಚಿಂತೆಯೂ ಪಟ್ಟಣವನ್ನು ಕಾಡಿತು.

ಹಳ್ಳಿಗಳಿಗೆ ಅಂಥ ಯಜಮಾನರಿರಲಿಲ್ಲ, ಇದ್ದದ್ದು ಪಂಚಾಯಿತಿ. ಅಬ್ದುಲ್ ನಜೀರ್ ಸಾಬ್ ಅವರ ಪ್ರಯತ್ನದಿಂದ ಬಂದ 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. 1993ರ ಪಂಚಾಯತ್ ರಾಜ್ ಕಾಯ್ದೆ ರಸ್ತೆ ದುರಸ್ತಿ, ಒತ್ತುವರಿ ತೆರವು, ಬೀದಿದೀಪ, ಚರಂಡಿಗಳನ್ನು ಗ್ರಾಮ ಪಂಚಾಯಿತಿಯ ಕರ್ತವ್ಯವಾಗಿಸಿತು. ಕೆಲಸ ಆಯಿತೇ ಎಂದು ಕೇಳುವ ಹಕ್ಕನ್ನು ಗ್ರಾಮಸಭೆಗೆ ಕೊಟ್ಟಿತು.

ಇಂದು ಆ ಹಕ್ಕಿನ ಅಗತ್ಯ ಹೆಚ್ಚಿದೆ. ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ತೋಟಕ್ಕೆ ಬೇಲಿ ಬಂದಾಗ ಬದುವಿನ ದಾರಿ ಬೇಲಿಯೊಳಗೆ ಸೇರುತ್ತದೆ. ಶಿವಮೊಗ್ಗದ ಅಂಚಿನಲ್ಲಿದ್ದ ಗೋಪಾಳ, ನವುಲೆ, ಗಾಡಿಕೊಪ್ಪಗಳು ನಗರದೊಳಗೆ ಸೇರಿವೆ. ಅಂಥ ಕಡೆ ಹಳೆಯ ಕಾಲುದಾರಿಗಳ ಮೇಲೆ ಬಡಾವಣೆಗಳೆದ್ದಿವೆ. ದಾರಿ ಮುಚ್ಚಿದರೆ ಮಕ್ಕಳು ಸುತ್ತುಬಳಸಿ, ತಡೆಗೋಡೆಯಿಲ್ಲದ ನಾಲೆ ಏರಿಯ ಮೇಲೆ ಬರಬೇಕಾಗುತ್ತದೆ. ಸಂಜೆ ದೀಪವಿಲ್ಲದಿದ್ದರೆ ಮೊದಲು ಶಾಲೆ ಬಿಡುವವಳು ಹೆಣ್ಣುಮಗಳು.

ಗ್ರಾಮಸಭೆಗೆ ಹೋದಾಗಲೆಲ್ಲ ನಾನು ಕಂಡದ್ದು, ಮನೆ ಮಂಜೂರಾತಿಯ ಮಾತು ಮುಗಿಯುತ್ತಲೇ ಕುರ್ಚಿಗಳು ಖಾಲಿಯಾಗುವುದನ್ನು. ದಾರಿಯ ಮಾತು ಬರುವ ಹೊತ್ತಿಗೆ ಕೇಳುವವರೇ ಇರುವುದಿಲ್ಲ. ಆದರೆ ಮಕ್ಕಳ ಗ್ರಾಮಸಭೆಯೆಂಬ ಇನ್ನೊಂದು ವೇದಿಕೆಯೂ ನಮಗಿದೆ. ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ವಿದ್ಯಾರ್ಥಿಗಳು ಗ್ರಾಮನಕಾಶೆಯ ಪ್ರತಿ ಪಡೆದು, ಗುರುಗಳೊಡನೆ ದಾರಿಗಳನ್ನು ನಡೆದು ನೋಡಲಿ. ಮುಚ್ಚಿದ ದಾರಿ, ಕೆಟ್ಟ ದೀಪ, ಕುಸಿದ ಏರಿಗಳನ್ನು ಪಟ್ಟಿಮಾಡಿ ಆ ಸಭೆಯಲ್ಲಿ ಓದಲಿ. ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಹಿರಿಯರಾದ ನಾವು ಅವರ ಹಿಂದೆ ಕುಳಿತಿರೋಣ.